ಸಲಿಕೆ ಹಿಡಿದು ಠಾಣೆಗೆ ಬಂದವನು

ಸುರೈಯಾ ವಕೀಲರಿಗೆ ಒಂದು ಕಡೆ ಕೂರುವುದೆಂದರೆ ಮುಳ್ಳಿನ ಮೇಲೆ ಕೂತಂತೆ. ವಿಜಯಪುರದಲ್ಲಿ ಕೊಲೆ ಕೇಸಿನಲ್ಲಿ ಸಿಕ್ಕಿಬಿದ್ದವರು ಮೊದಲು ನೆನೆಯುವುದು ದೇವರನ್ನಲ್ಲ, ಸುರೈಯಾ ಮೇಡಮ್ಮನನ್ನು ಎಂಬ ಮಾತು ವಕೀಲರ ಕೋಣೆಯಲ್ಲಿ ನಗೆಗೆ ಹುಟ್ಟಿದ್ದು. ನಗೆಯ ಮಾತಾದರೂ ಸುಳ್ಳಲ್ಲ ಬಿಡಿ. ಆಕೆ ಪಾಟೀಸವಾಲಿಗೆ ಎದ್ದಳೆಂದರೆ ಪಕ್ಕದ ಕೋರ್ಟಿನ ಹೊಸ ವಕೀಲರೆಲ್ಲ ಬಂದು ಬಾಗಿಲಲ್ಲಿ ಕತ್ತು ಚಾಚುತ್ತಿದ್ದರು. ಇಂಥ ಹೆಣ್ಣುಮಗಳು ಇಬ್ರಾಹಿಂಪುರದ ತನ್ನ ಮನೆಯಲ್ಲಿ ತಟ್ಟೆಯನ್ನು ಕೈಯಲ್ಲಿ ಹಿಡಿದು ಅಂಗಳ ಸುತ್ತುತ್ತ ಉಣ್ಣುತ್ತಿದ್ದಳು. ಫೋನಿನಲ್ಲಿ ಮಾತಾಡಲು ಶುರು ಮಾಡಿದರೆ ರೈಲು ಹಳಿಯವರೆಗೆ ಹೋಗಿ ವಾಪಸು ಬರುತ್ತಿದ್ದಳು.

"ಕುಂತು ಉಣ್ಣ ಬೇ," ಎಂದು ತಾಯಿ ಬಾನುಬಿ ದಿನಾ ಗೊಣಗುವುದೇ. "ನಿಂತು ಉಂಡದ್ದು ಮೈಗೆ ಹತ್ತೂದಿಲ್ಲ. ನಿಮ್ಮಪ್ಪನೂ ಹಿಂಗ ಇದ್ದ. ಆದ್ರ ಅವನ ನೌಕರೀನ ನಿಂತು ಮಾಡೂದಿತ್ತು. ನಿನಗೇನ ಧಾಡಿ?"

ಅಪ್ಪ ಲಾಡಲೇಸಾಬ ಅದೇ ಕೋರ್ಟಿನಲ್ಲಿ ಪಟ್ಟೇವಾಲಾ ಆಗಿದ್ದವನು. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ಅವನ ಕೆಲಸ. ಆ ಗಂಟಲು ಮಗಳಿಗೆ ಬಂದಿತ್ತು. ಉಳಿದದ್ದೆಲ್ಲ ಆಕೆ ಮೈಮುರಿದು ಗಳಿಸಿದ್ದು.

ಅವಳ ಧಂಧೆಯ ತತ್ವ ಒಂದೇ. "ನೀ ಹೊಡದಿಯೇನು?" ಎಂದು ತನ್ನ ಕಕ್ಷಿದಾರನನ್ನು ಎಂದೂ ಕೇಳುವವಳಲ್ಲ. "ಖರೇ ಏನು ಅನ್ನೂದು ಮ್ಯಾಲಿನವನ ಕೆಲಸ. ಸರಕಾರದವ್ರು ಸಾಬೀತ ಮಾಡ್ತಾರೋ ಇಲ್ಲೋ, ಅದಷ್ಟ ನನ್ನ ಪಾಲಿಂದು," ಎನ್ನುತ್ತಿದ್ದಳು. ಕೇಳದಿದ್ದರೆ ಗೊತ್ತಾಗುವುದಿಲ್ಲ, ಗೊತ್ತಾಗದಿದ್ದರೆ ನಿದ್ದೆಗೆ ಧಕ್ಕೆಯಿಲ್ಲ. ಎಷ್ಟು ಸಲೀಸು ನೋಡಿ! ಈ ಸಲೀಸಿನ ಮೇಲೆಯೇ ಅವಳು ಹೆಸರು ಮಾಡಿದ್ದು. ಆದರೆ ಭಾಗಪ್ಪನ ಕೇಸು ಕೈಗೆ ಬಂದ ಮೇಲೆ ಆ ನಿದ್ದೆಯಲ್ಲಿ ಏನೋ ಗೀರತೊಡಗಿತ್ತು.

ಕೇಸು ಹೀಗೆ. ತಿಕೋಟಾ ಹತ್ತಿರ ದ್ರಾಕ್ಷಿ ಪಡದ ನೀರಿನ ಪೈಪಿನ ಸಲುವಾಗಿ ದಾಯಾದಿಗಳಿಗೆ ಜಗಳ. ಹೋದ ಹಂಗಾಮಿನ ಒಂದು ಮುಸ್ಸಂಜೆ, ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿನ ಬಳಿ ಶಾಂತಪ್ಪ ಎಂಬವನು ತಲೆಗೆ ಸಲಿಕೆಯ ಏಟು ಬಿದ್ದು ಸತ್ತ. ಅವತ್ತೇ ಇನ್ನೊಂದು ಕಡೆಯ ಭಾಗಪ್ಪ ಎಂಬ ಹುಡುಗ ರಕ್ತ ಹತ್ತಿದ ಸಲಿಕೆ ಹಿಡಿದು ಠಾಣೆಗೆ ಬಂದು, ನಾನೇ ಹೊಡೆದೆ ಎಂದು ಕೂತ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಡೆಯುವುದಿಲ್ಲ. ಹಾಗಾಗಿ ಕೇಸೆಲ್ಲ ನಿಂತಿದ್ದು ಒಬ್ಬನೇ ಸಾಕ್ಷಿಯ ಮೇಲೆ: ಸತ್ತವನ ಹೆಂಡತಿಯ ತಮ್ಮ ಸೋಮು. ಭಾಗಪ್ಪ ಹೊಡೆದು ಓಡಿದ್ದನ್ನು ಕಣ್ಣಾರೆ ಕಂಡೆ ಎಂದು ಅವನ ಹೇಳಿಕೆ. ಸೋಮುವನ್ನು ಮುರಿದರೆ ಭಾಗಪ್ಪ ಹೊರಗೆ, ಮುರಿಯದಿದ್ದರೆ ಜೀವಾವಧಿ.

ಗೀರುತ್ತಿದ್ದದ್ದು ಇದಲ್ಲ. ಜೈಲಿನಲ್ಲಿ ಭೇಟಿಗೆ ಹೋದರೆ ಎಲ್ಲ ಆರೋಪಿಗಳೂ ಮೊದಲು ಕೇಳುವುದು "ಬಿಡುಗಡಿ ಆಗತೈತೇನ್ರಿ?" ಎಂದು. ಭಾಗಪ್ಪ ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದೇನು ಗೊತ್ತೇ? "ನಮ್ಮಣ್ಣನ ಕೂಸು ನಡಿಯಾಕ ಹತ್ತೈತೇನ್ರಿ ಮೇಡಮ್?"

ದೊಡ್ಡ ಸಾಕ್ಷಿಯ ಪಾಟೀಸವಾಲಿಗೆ ಮುಂಚೆ ಜಾಗವನ್ನು ಕಣ್ಣಾರೆ ಕಂಡುಬರುವುದು ಸುರೈಯಾಳ ಪದ್ಧತಿ. ಭಾನುವಾರ ಬೆಳಿಗ್ಗೆ ತಾನೇ ಕಾರು ಓಡಿಸಿಕೊಂಡು ತಿಕೋಟಾ ದಾರಿ ಹಿಡಿದಳು. ಹಂಗಾಮಿನ ದಿನ. ಶೆಡ್ಡಿನ ಜಾಳಿಗೆಗಳ ತುಂಬ ದ್ರಾಕ್ಷಿ ಹರವಿತ್ತು, ಸುತ್ತಲೂ ಹಸಿರು ಪರದೆ, ಗಾಳಿಯಲ್ಲಿ ಗಂಧಕದ ಘಾಟು. ಸೋಮು ನಿಂತಿದ್ದೆನೆಂದು ಹೇಳಿದ ಜಾಗದಲ್ಲಿ ನಿಂತಳು. ಶಾಂತಪ್ಪ ಬಿದ್ದ ಜಾಗಕ್ಕೆ ನಡೆದಳು, ತಿರುಗಿ ಬಂದಳು, ಬಗ್ಗಿ ನೋಡಿದಳು, ಮತ್ತೆ ನಡೆದಳು. ನಡುವೆ ಪರದೆ ಅಡ್ಡ. ಹೊತ್ತು ಮುಳುಗಿದ ಮೇಲೆ, ಹೊಗೆ ಹಾಕಿದ ಹೊತ್ತಿನಲ್ಲಿ, ಓಡುವವನ ಮುಖ ಎಲ್ಲಿ ಕಾಣಬೇಕು? ಸುರೈಯಾಳಿಗೆ ಒಳಗೊಳಗೇ ಹಿಗ್ಗು.

ಭಾಗಪ್ಪನ ತಾಯಿ ಸಾವಂತ್ರವ್ವ ಚಹಾ ತಂದಳು. ಒಣಗಿದ ಸಣ್ಣ ಮೈ, ಹಣೆ ತುಂಬ ಭಂಡಾರ. ದೊಡ್ಡ ಮಗ ಅಮೋಘಿ ಸ್ವಲ್ಪ ದೂರದಲ್ಲಿ ಜಾಳಿಗೆಯ ಮೇಲಿನ ದ್ರಾಕ್ಷಿ ಹರವುತ್ತಿದ್ದ. ಸುರೈಯಾ ಬಂದಾಗಿನಿಂದ ಆತ ಒಂದು ಸಲವೂ ತಲೆ ಎತ್ತಿರಲಿಲ್ಲ.

"ಕುಂದರ್ರಿ ಯವ್ವಾ."

"ನಾ ನಿಂತ ಕುಡೀತೀನಿ. ನೀವು ಹೇಳ್ರಿ."

"ಒಂದು ಮಾತು ಕೇಳತೀನಿ, ಸಿಟ್ಟಾಗಬಾರದು." ಸಾವಂತ್ರವ್ವ ಸೆರಗಿನ ತುದಿ ತಿರುವಿದಳು. "ಸೋಮುನ್ನ ಭಾಳ ಜೋರ ಕೇಳಬ್ಯಾಡ್ರಿ."

"ಅಂದ್ರ?"

"ಕೇಳಿದಂಗ ಮಾಡಿ ಬಿಟ್ಟುಬಿಡ್ರಿ."

ಸುರೈಯಾ ಚಹಾದ ಲೋಟವನ್ನು ಕೆಳಗಿಟ್ಟಳು. ಗೆಲ್ಲಿಸಿಕೊಡಿ ಎಂದು ಕಾಲು ಹಿಡಿದವರನ್ನು ಕಂಡಿದ್ದಳು, ಗೆದ್ದ ಮೇಲೆ ಮುಖ ತಪ್ಪಿಸಿದವರನ್ನೂ ಕಂಡಿದ್ದಳು. ಸೋತುಬಿಡಿ ಎಂದು ಕೇಳಿದ ತಾಯಿ ಇವಳೇ ಮೊದಲು. "ನಿಮಗ ಬುದ್ಧಿ ನೆಟ್ಟಗೈತೇನು? ಮಗ ಜೀವ ಇರೂತನಕ ಜೈಲಿನಾಗ ಕೊಳೀತಾನ!"

"ಗೊತ್ತೈತ್ರಿ," ಎಂದಳು ಸಾವಂತ್ರವ್ವ. ಎಂದವಳು ನೋಡಿದ್ದು ಅಮೋಘಿಯ ಕಡೆಗೆ. ದ್ರಾಕ್ಷಿ ಹರವುತ್ತಿದ್ದ ಅವನ ಕೈ ನಿಂತುಬಿಟ್ಟಿತ್ತು.

ಸುರೈಯಾ ಇಂಥದ್ದನ್ನು ಹಿಂದೆಯೂ ಕಂಡವಳೇ. ಸಲಿಕೆ ಹಿಡಿದು ಠಾಣೆಗೆ ಬಂದವನೇ ಹೊಡೆದವನು ಎಂದು ನಂಬುವವನು ನಿನ್ನೆ ಕೆಲಸಕ್ಕೆ ಸೇರಿದ ಪಿಎಸ್ಐ ಮಾತ್ರ. ಏಟು ಬಿದ್ದ ಮೇಲೆ ಮನೆಯವರು ಬಾಗಿಲು ಹಾಕಿಕೊಂಡು ಕೂರುತ್ತಾರೆ. ಯಾರು ಹೋಗಬೇಕು ಎಂಬುದು ಅಲ್ಲಿ ತೀರ್ಮಾನ. ಹೆಂಡತಿ ಮಕ್ಕಳಿದ್ದವನು ಉಳಿಯುತ್ತಾನೆ, ಇಲ್ಲದವನು ಹೋಗುತ್ತಾನೆ. ಕೇಳದೇ ಇರುವ ತನ್ನ ತತ್ವದಿಂದಾಗಿ ಸುರೈಯಾ ಅದನ್ನೆಲ್ಲ ಕಂಡೂ ಕಾಣದವಳಂತೆ ದಾಟಿ ಬಂದಿದ್ದಳು. ಈಗ ಆ ಮುದುಕಿ ಕೇಳದೆಯೇ ಹೇಳತೊಡಗಿದಳು.

"ಇವನ ಕೈಯಾಗಿನ ಸಲಿಕಿ ನಾನ ಇಸಗೊಂಡೆ. ಸಣ್ಣಾವನ ಕೈಯಾಗ ನಾನ ಕೊಟ್ಟೆ. ಅಮೋಘಿಗೆ ಎರಡು ಹೆಣ್ಣ ಹುಡುಗ್ಯಾರು, ಹೇಣ್ತಿ ಆವಾಗ ಮತ್ತ ಬಸರಿ ಇದ್ಲು. ಭಾಗಪ್ಪ ಒಬ್ಬಂಟಿ. ಅವನ ಹಿಂದ ಅಳಾವ್ರು ಯಾರದಾರ?"

"ನೀವಿಲ್ಲೇನು!"

"ನಾ ಹಡದಾಕಿ. ನನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ. ಅವ ಒಂದು ಮಾತು ಆಡಲಿಲ್ಲ ಯವ್ವಾ. ಸಲಿಕಿ ಹಿಡದು, ಚಪ್ಪಲಿ ಮೆಟ್ಟಿ, ಹ್ವಾದ. ಈಗ ಅವ ಬಿಡುಗಡಿ ಆದ್ರ ಪೊಲೀಸ್ರು ಮತ್ತ ಬರ್ತಾರ, ಹಂಗಾರ ಹೊಡದಾವ ಯಾರು ಅಂತ. ಒಬ್ಬವ ಹೋಗ್ಯಾನ. ಇನ್ನೊಬ್ಬವನ್ನೂ ಕಳಕೊಳ್ಳಲೇನು?"

ಸುರೈಯಾಳಿಗೆ ಮೈಯೆಲ್ಲ ಉರಿಯಿತು. ಈ ಹೆಂಗಸಿನ ಮೇಲೆ ಸಿಟ್ಟು, ಆ ತುಟಿ ಹೊಲಿದುಕೊಂಡ ಹುಡುಗನ ಮೇಲೆ ಸಿಟ್ಟು, ಅಲ್ಲಿ ತಲೆ ತಗ್ಗಿಸಿ ನಿಂತ ಗಂಡಸಿನ ಮೇಲಂತೂ ಹೇಳತೀರದ ಸಿಟ್ಟು. ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹೋಗಿ ಬಂದಳು. ಬರುವಷ್ಟರಲ್ಲಿ ಅವಳೊಳಗಿನ ವಕೀಲೆ ಎಚ್ಚರಾಗಿದ್ದಳು.

"ಕೇಳ್ರಿ ಇಲ್ಲಿ. ಭಾಗಪ್ಪ ಹೊಡದಿಲ್ಲ ಅಂತ ನಾ ಸಾಬೀತ ಮಾಡೂದಿಲ್ಲ. ಸೋಮು ಸರಿಯಾಗಿ ನೋಡಿಲ್ಲ ಅಂತಷ್ಟ ತೋರಸ್ತೀನಿ. ಸಂಶಯದ ಮ್ಯಾಲ ಬಿಡುಗಡಿ ಆದ್ರ ಪೊಲೀಸ್ರು ಕೈ ತೊಳಕೋತಾರ, ಮತ್ತ ಯಾರ ಹೆಸರೂ ಎತ್ತೂದಿಲ್ಲ. ಇಬ್ಬರೂ ಮಕ್ಕಳನ್ನ ನಿಮ್ಮ ಮನಿಗೆ ಕಳಸ್ತೀನಿ. ಕೋರ್ಟಿಗೆ ಬರ್ರಿ, ನಿಮ್ಮ ಕಣ್ಣಿಲೆ ನೋಡ್ರಿ."

ಕಕ್ಷಿದಾರರಿಗೆ ಯಾವತ್ತೂ ಮಾತು ಕೊಡದವಳು! ಅವತ್ತು ಕೊಟ್ಟುಬಿಟ್ಟಳು. ಸಾವಂತ್ರವ್ವ ನಂಬಿದಳೋ ಬಿಟ್ಟಳೋ, ಇಷ್ಟು ಮಾತ್ರ ಹೇಳಿದಳು: "ಸೋಮು ಸಿಟ್ಟಿನ ಮನಶ್ಯಾ. ಕೆಣಕಬ್ಯಾಡ್ರಿ."

ಕಾರಿನ ತನಕ ಅಮೋಘಿ ಹಿಂದೆ ಬಂದ. ಬಾಗಿಲು ಹಾಕುವಾಗ ಮೊದಲ ಸಲ ಬಾಯಿ ಬಿಟ್ಟ. "ನಮ್ಮ ತಮ್ಮ ಆವತ್ತು ಇಲ್ಲಿ ಇರ್ಲೇ ಇಲ್ರಿ ಮೇಡಮ್. ನಮ್ಮ ಸೋದರಮಾವನ ಕೂಡ ಬಬಲೇಶ್ವರಕ್ಕ ಕನ್ಯಾ ನೋಡಾಕ ಹೋಗಿದ್ದ. ಹುಡುಗಿ ಮನಸ್ಸಿಗೆ ಬಂದ್ಲಂತ ನಕ್ಕೋತ ಮನಿಗೆ ಬಂದ. ನಾ ಅಂಗಳದಾಗ ರಕ್ತ ಹಚಗೊಂಡು ಕುಂತಿದ್ದೆ." ಅಂಗೈಯಿಂದ ಮುಖ ಮುಚ್ಚಿಕೊಂಡ. ಅಳುವ ಗಂಡಸನ್ನು ನೋಡುವ ತಾಳ್ಮೆ ಸುರೈಯಾಳಿಗಿರಲಿಲ್ಲ. ಗಾಡಿ ಚಾಲೂ ಮಾಡಿದಳು.

ಮನೆಗೆ ಹೋಗಬೇಕಾದವಳು ಬಬಲೇಶ್ವರದ ಕಡೆಗೆ ತಿರುಗಿದ್ದೇಕೆ? ಅವಳಿಗೂ ಹೇಳಲು ಬರಲಿಕ್ಕಿಲ್ಲ. ಕೇಸಿಗೆ ಆ ಹುಡುಗಿ ಬೇಕಾಗಿರಲಿಲ್ಲ, ಬದಲಿಗೆ ಅಪಾಯ. ಭಾಗಪ್ಪ ಅಲ್ಲಿದ್ದನೆಂದು ಖಾತ್ರಿಯಾದರೆ, ಇಲ್ಲಿದ್ದವನು ಯಾರೆಂಬ ಪ್ರಶ್ನೆ ಹುಟ್ಟುತ್ತದೆ. ಆದರೂ ಹೋದಳು. ಪೇಟೆಯಲ್ಲಿ ಕೇಳುತ್ತ ಕೇಳುತ್ತ ಹುಡುಗಿಯ ಮನೆಯವರ ಬಳೆ ಅಂಗಡಿ ಸಿಕ್ಕಿತು. ಮಹಾನಂದಾ ಎಂಬ ಹುಡುಗಿ ಅಪ್ಪನ ಅಂಗಡಿಯಲ್ಲಿ ಯಾರಿಗೋ ಬಳೆ ಇಡಿಸುತ್ತಿದ್ದಳು. ಗಿರಾಕಿ ಎದ್ದು ಹೋದ ಮೇಲೆ ಸುರೈಯಾ ತಾನು ಯಾರೆಂದು ಹೇಳಿದಳು.

ಹುಡುಗಿ ಅಳಲಿಲ್ಲ, ರೇಗಿದಳು. "ಸಕ್ಕರಿ ತಿಂದು ಮಾತು ಗಟ್ಟಿ ಮಾಡಿ ಹ್ವಾದ್ರು. ಮರುದಿನ ಪ್ಯಾಪರದಾಗ ಬಂತು, ವರ ಖೂನಿ ಮಾಡ್ಯಾನಂತ. ದೀಪ ಹಚ್ಚೂ ಹೊತ್ತಿನಾಗ ನಮ್ಮ ಪಡಸಾಲ್ಯಾಗ ಕುಂತು ಉಪ್ಪಿಟ್ಟು ತಿಂದಾವ ಅಲ್ಲಿ ಹೆಂಗ ಖೂನಿ ಮಾಡ್ತಾನ್ರಿ? ನಾ ಅಪ್ಪನ ಮುಂದ ಹತ್ತು ಸಲ ಅಂದೆ, ಹೋಗಿ ಹೇಳೂನು ಅಂತ. ಹೆಣ್ಣಮಗಳ ಹೆಸರು ಕೋರ್ಟಿಗೆ ಬರಬಾರದು ಅಂತಾನ ಅಪ್ಪ. ಈಗ ಮಂದಿ ಏನಂತಾರ ಗೊತ್ತೇನ್ರಿ? ನನ್ನ ಕಾಲಗುಣ ಅಂತಾರ!" ಒಡೆದ ಬಳೆಯ ಚೂರುಗಳನ್ನು ಕಸದ ಡಬ್ಬಿಗೆ ಕುಕ್ಕಿದಳು. "ನೀವು ಕರದ್ರ ಬರ್ತೀನಿ. ಅಪ್ಪ ಬ್ಯಾಡ ಅಂದ್ರೂ ಬರ್ತೀನಿ."

"ಬ್ಯಾಡವಾ. ನೀ ಬರದಂಗ ಬಿಡಸ್ತೀನಿ," ಎಂದಳು ಸುರೈಯಾ. ಹೇಳುವಾಗ ಅವಳಿಗೆ ನಂಬಿಕೆಯಿತ್ತು.

ವಿಚಾರಣೆಯ ದಿನ ಕೋರ್ಟು ಗಿಜಿಗುಡುತ್ತಿತ್ತು. ಹಿಂದಿನ ಬೆಂಚಿನಲ್ಲಿ ಸಾವಂತ್ರವ್ವ, ಪಕ್ಕದಲ್ಲಿ ಅಮೋಘಿ. ಆರೋಪಿಯ ಕಟಕಟೆಯಲ್ಲಿ ಭಾಗಪ್ಪ. ತಾಯಿಯನ್ನು ಕಂಡವನೇ ಗೋಡೆಯ ಕಡೆ ಮುಖ ಮಾಡಿದ. ಸಾಕ್ಷಿಕಟ್ಟೆಯಲ್ಲಿ ಸೋಮು. ಸರಕಾರಿ ವಕೀಲರ ಸರದಿ ಮುಗಿಯಿತು. ಸುರೈಯಾ ಎದ್ದಳು.

"ಸೋಮು ಅವರ, ನೀವು ಅಲ್ಲಿಗೆ ಹೋಗೂದ್ರಾಗ ಹೊತ್ತು ಮುಳುಗಿತ್ತಲ್ಲ?"

"ಮುಳುಗಿತ್ರಿ."

"ಶೆಡ್ಡಿನಾಗ ಗಂಧಕ ಹಾಕಿದ್ರು. ಹೊಗಿ ಇತ್ತು."

"ಇತ್ರಿ."

"ನಡುವ ಪರದೆ ಇತ್ತು. ನೀವು ನೋಡಿದ್ದು ಓಡಾವನ ಬೆನ್ನು."

"ಬೆನ್ನ್ರಿ."

"ಭಾಗಪ್ಪನ ಹೆಸರು ನಿಮಗ ಮೊದಲ ಹೇಳಿದಾವ್ರು ಪೊಲೀಸ್ರು. ಹೌದಲ್ಲೊ?"

ಸೋಮು ಸರಕಾರಿ ವಕೀಲರ ಕಡೆ ನೋಡಿದ. "ಹೌದ್ರಿ. ಅವ ಠಾಣಾದಾಗ ಕುಂತಿದ್ದ. ಅದನ್ನ ಬರಸಿದ್ರು."

ಬಾಗಿಲಲ್ಲಿ ಕತ್ತು ಚಾಚಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರಕಾರಿ ವಕೀಲರು ಹಣೆ ಒತ್ತಿಕೊಂಡರು. ಕೇಸು ಮುಗಿದಿತ್ತು. ಸುರೈಯಾ ಈಗ ಮಾಡಬೇಕಾದದ್ದು ಒಂದೇ ಒಂದು ಕೆಲಸ: ಕೂರುವುದು. ಹೊಸಬರಿಗೆಲ್ಲ ಅವಳೇ ಪಾಠ ಹೇಳುತ್ತಿದ್ದಳು, ಬೇಕಾದದ್ದು ಬಂತೋ, ಮುಚ್ಚಿಕೊಂಡು ಕೂತುಬಿಡು ಎಂದು. ಆದರೆ ಕೂರಲು ಹೊರಳಿದವಳ ಕಣ್ಣು ಕಟಕಟೆಯ ಮೇಲೆ ಬಿತ್ತು. ಭಾಗಪ್ಪ ಎದೆಯ ಮುಂದೆ ಕೈ ಜೋಡಿಸಿ, ಸೋಮುವನ್ನೇ ನೋಡುತ್ತ, ತಲೆ ಅಲ್ಲಾಡಿಸುತ್ತಿದ್ದ. ಹೇಳಿಕೆ ಬಿಡಬೇಡ ಎಂದು ಬೇಡುತ್ತಿದ್ದ!

ಎಲಾ ಇವನ! ನಾನು ಬಾವಿಯಿಂದ ಎತ್ತುತ್ತಿದ್ದರೆ ಇವನು ಹಗ್ಗ ಕೊಯ್ಯುತ್ತಿದ್ದಾನೆ. ಸೋಮು ಈ ಕೈಮುಗಿತಕ್ಕೆ ಕರಗಿ ಮಾತು ತಿರುವಿದರೆ? ಇಲ್ಲ, ಇನ್ನೊಂದು ಮೊಳೆ ಹೊಡೆಯಬೇಕು, ಯಾರೂ ಕೀಳಲಾರದಂಥದ್ದು. ಸಿಟ್ಟು ಮೂಗಿನ ತುದಿಗೇ ಬಂದಿತ್ತು.

"ಅಂದ್ರ ನೀವು ಏನಂದ್ರ ಏನೂ ನೋಡಿಲ್ಲ! ಸತ್ತಾವ ನಿಮ್ಮ ಅಕ್ಕನ ಗಂಡ. ಅವನ ಹೆಣದ ಮ್ಯಾಲ ನಿಂತು, ಪೊಲೀಸ್ರು ಕಲಿಸಿದ್ದು ಗಿಣಿ ಹಂಗ ಒದರಾಕ ಬಂದೀರಿ. ಯಾರ ಮಾರೀನೂ ನೀವು ನೋಡಿಲ್ಲ. ಹೌದಲ್ಲೊ?"

ಬೆಕ್ಕನ್ನು ಕೋಣೆಯಲ್ಲಿ ಕೂಡಿ ಹೊಡೆದರೆ ಅದು ಮೈಮೇಲೇ ಹಾರುತ್ತದೆ. ಸೋಮು ಸಾಕ್ಷಿಕಟ್ಟೆಯ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದ.

"ಗಿಣಿ ಅಂತೀರಾ ನನಗ? ನೋಡೀನ್ರೀ! ಓಡೂಮುಂದ ಹೊಳ್ಳಿ ನೋಡಿದ ಅವ, ಇಲ್ಲೇ, ನಿಮ್ಮಷ್ಟು ದೂರದಾಗ. ಭಾಗಪ್ಪ ಅಲ್ರಿ ಅವ. ಅಮೋಘಿ! ಈ ಸಾವಂತ್ರವ್ವ ಬಂದು ನಮ್ಮಕ್ಕನ ಕಾಲ ಹಿಡದ್ಲು. ಬಸರಿ ಹೆಣ್ಣಮಗಳ ಮಾರಿ ನೋಡಿ ಅವನ ಹೆಸರು ಬಿಡ್ರಿ, ಸಣ್ಣಾವನ್ನ ಕೊಡ್ತೀನಿ ಅಂದ್ಲು. ಯಾರರೆ ಒಬ್ಬ ಒಳಗ ಹೋಗ್ಲಿ, ಹೊಡದಾಟ ಇಲ್ಲಿಗೆ ಮುಗೀಲಿ ಅಂತ ನಮ್ಮಕ್ಕ ಹೂಂ ಅಂದ್ಲು. ನಾನೂ ಹೂಂ ಅಂದೆ. ಸುಳ್ಳ ನನ್ನ ಸಲುವಾಗಿ ಹೇಳಿಲ್ರಿ ನಾ!"

ಗದ್ದಲವೆದ್ದಿತು. ಅದರ ಮೇಲೆ ಭಾಗಪ್ಪನ ಕೂಗು. "ಸುಳ್ಳ್ರಿ ಸಾಹೇಬ್ರ! ನಾನ ಹೊಡದೀನಿ! ನಮ್ಮಣ್ಣ ಅಲ್ಲಿ ಇರ್ಲೇ ಇಲ್ಲ! ನಾನ್ರೀ, ನಾನು!"

ಸುರೈಯಾ ಹಿಂದಕ್ಕೆ ತಿರುಗಿ ನೋಡಿದಳು. ಅಮೋಘಿ ಏಳಲು ಹೊರಟಿದ್ದ. ಸಾವಂತ್ರವ್ವನ ಒಣಕಲು ಕೈ ಅವನ ಹೆಗಲ ಮೇಲಿತ್ತು, ಇದ್ದ ಬಲವನ್ನೆಲ್ಲ ಹಾಕಿ ಅವನನ್ನು ಬೆಂಚಿಗೆ ಒತ್ತಿ ಹಿಡಿದಿತ್ತು. ಒಬ್ಬ ಮಗ ನಾನೇ ಎಂದು ಅರಚುತ್ತಿದ್ದಾನೆ, ಇನ್ನೊಬ್ಬನನ್ನು ತಾಯಿ ಏಳಗೊಡುತ್ತಿಲ್ಲ. ಇದನ್ನು ತಂದು ಇಲ್ಲಿ ನಿಲ್ಲಿಸಿದವಳು ಸುರೈಯಾಳೇ.

ನ್ಯಾಯಾಧೀಶರು ಗದ್ದಲ ಅಡಗಿಸಿದರು. "ಮೇಡಂ, ಸಾಕ್ಷಿ ಬೇರೆ ಹೆಸರು ಹೇಳುತ್ತಿದ್ದಾನೆ. ನಿಮ್ಮ ಕಕ್ಷಿದಾರ ತಾನೇ ಮಾಡಿದೆ ಅನ್ನುತ್ತಿದ್ದಾನೆ. ನೀವೇನು ಹೇಳುತ್ತೀರಿ?"

ಏನು ಹೇಳಬೇಕು? ಸುಮ್ಮನೆ ಕೂತರೆ ಹುಡುಗ ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡಂತೆ. ಬಾಯಿ ಬಿಟ್ಟರೆ ಆ ಮುದುಕಿಗೆ ಕೊಟ್ಟ ಮಾತು ನೀರು ಪಾಲು. ಇಬ್ಬರನ್ನೂ ಕಳಿಸುತ್ತೇನೆ ಎಂದವಳು ಈಗ ಒಬ್ಬನನ್ನು ಆರಿಸಬೇಕು, ಅವತ್ತು ಸಾವಂತ್ರವ್ವ ಬಾಗಿಲು ಹಾಕಿಕೊಂಡು ಆರಿಸಿದ ಹಾಗೆಯೇ. ಅಪ್ಪನಿಂದ ಬಂದ ಗಂಟಲು, ಎಂದೂ ಕೈಕೊಡದ್ದು, ಎರಡು ಸಲ ಕೆಮ್ಮಿದ ಮೇಲೆ ಬಿಚ್ಚಿಕೊಂಡಿತು.

"ನನ್ನ ಕಕ್ಷಿದಾರ ಸುಳ್ಳು ಹೇಳುತ್ತಿದ್ದಾನೆ, ಸ್ವಾಮಿ. ಆ ಹೊತ್ತಿಗೆ ಅವನು ಬಬಲೇಶ್ವರದಲ್ಲಿದ್ದ. ಅವನನ್ನು ಕಂಡವರನ್ನು ನಾನು ಕರೆಸುತ್ತೇನೆ."

"ಮೇಡಮ್, ಬ್ಯಾಡ್ರಿ!" ಎಂದು ಭಾಗಪ್ಪ ಕಟಕಟೆಯ ಮೇಲೆ ಬಾಗಿಬಿದ್ದ. ಆಗ ಅಮೋಘಿ ಹೆಗಲ ಮೇಲಿನ ತಾಯಿಯ ಕೈಯನ್ನು ಎರಡೂ ಕೈಯಿಂದ ಮೆತ್ತಗೆ ಎತ್ತಿ, ಅವಳ ಮಡಿಲಲ್ಲಿಟ್ಟು, ಎದ್ದು ನಿಂತ.

"ಸೋಮು ಖರೇ ಹೇಳ್ಯಾನ್ರಿ. ನಮ್ಮ ತಮ್ಮ ಜೈಲಿನಾಗ ಸಾಕಾಗೂವಷ್ಟು ಕುಂತಾನ."

ಮಧ್ಯಾಹ್ನದ ಬಿಸಿಲು ಕೋರ್ಟಿನ ಅಂಗಳದಲ್ಲಿ ರಾಚುತ್ತಿತ್ತು. ಆದೇಶವಾಗುವ ತನಕ ಭಾಗಪ್ಪ ಜೈಲಿಗೇ ಮರಳಬೇಕು, ಅವನ ವ್ಯಾನು ಬೇವಿನ ಮರದ ಕೆಳಗೆ ನಿಂತಿತ್ತು. ಅಮೋಘಿಯನ್ನು ಕೂರಿಸಿಕೊಂಡ ಪೊಲೀಸ್ ಜೀಪು ಗೇಟಿನ ಬಳಿ ಗುರುಗುಡುತ್ತಿತ್ತು. ನಡುವೆ ಸಾವಂತ್ರವ್ವ, ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ. ಸುರೈಯಾ ಹತ್ತಿರ ಬಂದಾಗ ಅವಳು ಬೈಯಲಿಲ್ಲ, ಶಾಪ ಹಾಕಲಿಲ್ಲ.

"ಯಾರ ಹಿಂದ ಹೋಗ್ಲೆವ್ವಾ ನಾ?"

"ಅಮೋಘಿ ಹಿಂದ ಹೋಗ್ರಿ," ಎಂದಳು ಸುರೈಯಾ. "ಅವಗ ಈಗ ಯಾರೂ ಇಲ್ಲ. ಭಾಗಪ್ಪನ ಹಿಂದ ನಾ ಅದೀನಿ."

ಸಾವಂತ್ರವ್ವ ಜೀಪಿನ ಕಡೆ ನೋಡಿದಳು. ಆಮೇಲೆ ವ್ಯಾನಿನ ಕಡೆ. "ನೀವಂತೂ ಅದೀರಿ ಯವ್ವಾ, ಖರೆ. ಅವಗ ಇಷ್ಟು ದಿನ ಅವ್ವ ಇರ್ಲಿಲ್ಲ."

ಎಂದವಳೇ ಓಡಿದಳು. ವ್ಯಾನು ಹೊರಟಿತ್ತು. ಹಿಂದಿನ ಜಾಳಿಗೆಗೆ ಎರಡೂ ಕೈ ಬೆರಳು ಸಿಕ್ಕಿಸಿ, "ಯಪ್ಪಾ ಭಾಗಪ್ಪಾ, ಈ ಕಡೆ ನೋಡೋ, ಒಂದು ಸಲ ನೋಡೋ," ಎನ್ನುತ್ತ ಅದರ ಜೊತೆಗೇ ಧೂಳಿನಲ್ಲಿ ಓಡುತ್ತಿದ್ದಳು. ಒಳಗಿದ್ದವನು ನೋಡಿದನೋ ಇಲ್ಲವೋ, ಇತ್ತ ಕಡೆಯಿಂದ ಕಾಣುತ್ತಿರಲಿಲ್ಲ. ಅವಳ ಒಂದು ಚಪ್ಪಲಿ ಕಳಚಿ ದಾರಿಯಲ್ಲಿ ಬಿತ್ತು. ಸುರೈಯಾ ಅದನ್ನು ಎತ್ತಿಕೊಂಡು, ಕರಿ ಕೋಟಿನಲ್ಲೇ, ಅವಳ ಹಿಂದೆ ಓಡಿದಳು.